ಕೈಗಳು ಕಾಣುವಷ್ಟು ಬೆಳಕು

ನನ್ನ ಗಂಡ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸುತ್ತಿದ್ದರು. ಕಾರ್ಖಾನೆ ಎಂದರೆ ದೊಡ್ಡ ಮಾತಾದೀತು. ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಅದರೊಳಗೆ ಎರಡು ಸಾಲು ಮಷೀನು, ನಡುವೆ ಉದ್ದನೆಯ ಕಟಿಂಗ್ ಟೇಬಲ್ಲು. ಮೋಕ, ರೂಪನಗುಡಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಟೇಲರುಗಳು. ಇಲ್ಲಿ ಹೊಲಿದ ಪ್ಯಾಂಟು ವಾಷಿಂಗಿಗೆ ಹೋಗಿ, ಬಣ್ಣ ಇಳಿಸಿಕೊಂಡು ಬಂದು, ಆಮೇಲೆ ಕುರುಗೋಡಿಗೆ ಹೋಗುತ್ತಿತ್ತು. ಅಲ್ಲಿ ಗಂಡನ ಅಕ್ಕ ತಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಗುಂಡಿ ಒತ್ತಿಸಿ, ದಾರದ ತುದಿ ಕತ್ತರಿಸಿ, ಮಡಿಚಿ ಕಟ್ಟು ಕಟ್ಟಿ ಕಳಿಸುತ್ತಿದ್ದರು. ಆ ಕಟ್ಟುಗಳು ಆಂಧ್ರದ ಕಡೆಯ ಅಂಗಡಿಗಳಿಗೆ ಹೋಗುತ್ತಿದ್ದವು. ಅಂಗಡಿಯವರ ಹತ್ತಿರ ಹೋಗುವುದು, ಸ್ಯಾಂಪಲ್ ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತುವುದು, ಮಾತು ಕುದುರಿಸುವುದು ಎಲ್ಲ ನನ್ನ ಗಂಡನದೇ. ನಾನು ಶೆಡ್ಡಿಗೆ ಚಹಾ ಕಳಿಸುತ್ತಿದ್ದೆ, ಹಾಜರಿ ಹಾಕುತ್ತಿದ್ದೆ. ನನಗೆ ಗೊತ್ತಿದ್ದ ವ್ಯಾಪಾರ ಅಷ್ಟೇ.

ಶ್ರಾವಣದ ಒಂದು ಬೆಳಗ್ಗೆ ವಾಷಿಂಗ್ ಯೂನಿಟ್ಟಿನಿಂದ ಫೋನು ಬಂತು. ಮಾಲು ನೋಡಲು ಹೋದವರು ಅಲ್ಲೇ ಕಟ್ಟೆಯ ಮೇಲೆ ಕೂತರಂತೆ, ನೀರು ಕೇಳಿದರಂತೆ, ತರುವಷ್ಟರಲ್ಲಿ ಗೋಡೆಗೆ ಒರಗಿದ್ದರಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಹಾರ್ಟ್ ಅಟ್ಯಾಕ್ ಎಂದರು. ಕುರುಗೋಡಿನ ಹೊಲದಲ್ಲಿ, ಅವರ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿ ಬಂದೆವು.

ನನಗೆ ಅಳು ಬರಲಿಲ್ಲ. "ಅತ್ತು ಬಿಡವ್ವ, ಒಳಗ ಇಟಗಂಡ್ರ ಮೈಗೆ ಒಳ್ಳೇದಲ್ಲ" ಎಂದು ಬಂದವರೆಲ್ಲ ಹೇಳಿದರು. ನಾನೂ ಪ್ರಯತ್ನ ಮಾಡಿದೆ, ಆಗಲಿಲ್ಲ. ಬಹಳ ಹೊತ್ತು ಮಡಿಚಿ ಕೂತ ಕಾಲಿಗೆ ಜೋಮು ಹಿಡಿದಾಗ, ಚಿವುಟಿದರೂ ಅದು ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ ಆಗಿತ್ತು ನನಗೆ. ಹಸಿವಾಗುತ್ತಿತ್ತು, ಉಣ್ಣುತ್ತಿದ್ದೆ. ನಿದ್ದೆ ಬರುತ್ತಿತ್ತು, ಮಲಗುತ್ತಿದ್ದೆ. ಮಕ್ಕಳಿಲ್ಲದ ಮನೆ, ನೆಂಟರು ಹೋದ ಮೇಲೆ ಶೆಡ್ಡಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಸದ್ದೂ ಕೆಲವು ದಿನ ನಿಂತಿತ್ತು. ಆಮೇಲೆ ಕಟಿಂಗ್ ಮಾಸ್ಟರ್ ಒಂದು ದಿನ ತಾವೇ ಬಂದು ಬಾಗಿಲು ತೆಗೆದರು. ಅವರು ಮೊದಲಿನಿಂದಲೂ ನನ್ನ ಗಂಡನ ಜೊತೆಗಿದ್ದವರು, ವಯಸ್ಸಿನಲ್ಲೂ ಹೆಚ್ಚು ಕಡಿಮೆ ಸಮ. ನನ್ನನ್ನು ಭಾಬಿ ಎಂದು ಕರೆಯುವವರು. ನನ್ನನ್ನು ಏನೂ ಕೇಳದೆ ಉಳಿದ ಬಟ್ಟೆ ಹಾಸಿ ಕತ್ತರಿಸಲು ಶುರು ಮಾಡಿದರು.

ನನಗೊಬ್ಬ ತಂಗಿ ಇದ್ದಾಳೆ, ಸಿರುಗುಪ್ಪದಲ್ಲಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು, ಮಾತೂ ಬಾರದು. ನಾವು ಚಿಕ್ಕವರಿದ್ದಾಗ ಅಂಥ ಮಕ್ಕಳಿಗೂ ಶಾಲೆ ಇರುತ್ತದೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮವ್ವ, ನಾನು, ಅವಳು ಸೇರಿ ಕೈಯಲ್ಲೇ ಒಂದು ಮಾತು ಮಾಡಿಕೊಂಡಿದ್ದೆವು. ಮೂಗುಬೊಟ್ಟು ಮುಟ್ಟಿದರೆ ಅವ್ವ. ತಲೆಯ ಎರಡೂ ಕಡೆ ಕೋಡು ಮಾಡಿದರೆ ಬಸವಣ್ಣ, ಅಂದರೆ ದೊಡ್ಡ ಬಸವಣ್ಣನ ಗುಡಿಯಿರುವ ಕುರುಗೋಡು. ಎರಡೂ ಅಂಗೈ ಬೋರಲು ಮಾಡಿ ಗುಂಡಗೆ ಗುಡ್ಡ ತೋರಿಸಿದರೆ ಬಳ್ಳಾರಿ. ಅವಳ ಮದುವೆಯಾದ ಮೇಲೆ ಬೆರಳ ತುದಿಯಲ್ಲಿ ಅಕ್ಕಿ ಉಜ್ಜಿದಂತೆ ಮಾಡಿದರೆ ಸಿರುಗುಪ್ಪ ಎಂದಾಯಿತು.

ಮದುವೆಯಾಗಿ ಹೋದ ಮೇಲೆ ವರ್ಷಗಟ್ಟಲೆ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಹಬ್ಬಕ್ಕೆ ಬಂದಾಗ ಆಡಿದ್ದಷ್ಟೇ. ಫೋನು ಅವಳ ಪಾಲಿಗೆ ಒಂದು ಖಾಲಿ ಡಬ್ಬಿ. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ಫಿಟ್ಟರು. ಮಾತು ಬರುತ್ತದೆ, ಆದರೆ ಆಡುವವನಲ್ಲ. "ಆರಾಮದಾಳ್ರೀ" ಎಂದು ಇಟ್ಟುಬಿಡುತ್ತಿದ್ದ. ವಿಡಿಯೋ ಕಾಲ್ ಬಂದಾಗ ಬೇರೆಯವರಿಗೆ ಅದೊಂದು ಹೊಸ ಮೋಜು. ನಮ್ಮಿಬ್ಬರಿಗೆ ಅದೇ ಮೊದಲನೆಯ ಫೋನು.

ಕಾರ್ಯಗಳೆಲ್ಲ ಮುಗಿದ ಮೇಲೆ ಅವಳು ದಿನಾ ಮಧ್ಯಾಹ್ನ ಕಾಲ್ ಮಾಡತೊಡಗಿದಳು. ನಾನು ದೀಪ ಹಾಕದ ಅಡುಗೆಮನೆಯಲ್ಲಿ ಗೋಡೆಗೊರಗಿ, ಫೋನನ್ನು ಒಂದು ಕೈಯಲ್ಲಿ ಹಿಡಿದು ಎತ್ತುತ್ತಿದ್ದೆ. ಅವಳಿಗೆ ಸಿಟ್ಟು ಬರುತ್ತಿತ್ತು. ಅವಳ ಲೆಕ್ಕದಲ್ಲಿ ಕತ್ತಲಲ್ಲಿ ಕೂತವರು ಬಾಯಿ ಮುಚ್ಚಿಕೊಂಡು ಕೂತ ಹಾಗೆ. ಒಂದು ಕೈ ಫೋನಿಗೆ ಕೊಟ್ಟವರು ಅರ್ಧ ಮಾತು ನುಂಗಿದ ಹಾಗೆ. ಎದ್ದು ಹೋಗು, ಕಿಟಕಿಗೆ ಬೆನ್ನು ಹಾಕಬೇಡ, ಮುಖ ಮಾಡಿ ಕೂಡು ಎಂದಳು. ಫೋನನ್ನು ಡಬ್ಬಿಗೆ ಒರಗಿಸು. ಈ ಹೂವಿನ ಸೀರೆ ಬಿಚ್ಚಿಡು, ಹೂವಿನೊಳಗೆ ನಿನ್ನ ಕೈ ಕಳೆದುಹೋಗುತ್ತದೆ. ಕೈಯನ್ನು ಎದೆಯ ಮುಂದೆ ಆಡಿಸು, ಮಡಿಲಲ್ಲಿ ಅಲ್ಲ. ಚಿತ್ರ ಗಕ್ಕನೆ ನಿಂತರೆ ಸನ್ನೆಯನ್ನು ಹಾಗೇ ಹಿಡಿದಿಡು, ಮತ್ತೆ ಓಡಿದ ಮೇಲೆ ಮುಂದಿನದು ಹೇಳು. ಇದನ್ನೆಲ್ಲ ಅವಳು ಕೈಯಲ್ಲಿ ಹೇಳಿದ್ದು. ಹುಬ್ಬು ಗಂಟಿಕ್ಕಿ ಹೇಳಿದ್ದು.

ನಾನು ಮಾಡಿದೆ. ಮಾಡುವುದಿಲ್ಲ ಅನ್ನಲು ಬೇಕಾಗುವಷ್ಟು ಜೀವವೂ ಆಗ ನನ್ನಲ್ಲಿರಲಿಲ್ಲ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಕಿಟಕಿಯ ಎದುರು, ಬಣ್ಣ ಬಿಟ್ಟ ಒಂದು ಬೂದು ಸೀರೆಯುಟ್ಟು, ಫೋನನ್ನು ಕಡಲೆಹಿಟ್ಟಿನ ಡಬ್ಬಿಗೆ ಒರಗಿಸಿ ದಿನಾ ಕೂರುತ್ತಿದ್ದೆ. ಅವಳು ಕೇಳುತ್ತಿದ್ದುದು ದಿನಾ ಅದೇ. ಉಂಡೆಯಾ? ಉಂಡೆ. ಮಲಗಿದೆಯಾ? ಮಲಗಿದೆ. ಆಮೇಲೆ ಬೆರಳನ್ನು ಕೆನ್ನೆಯ ಮೇಲಿಂದ ಕೆಳಗೆ ಇಳಿಸುತ್ತಿದ್ದಳು: ಅತ್ತೆಯಾ? ಇಲ್ಲ. ಅಳು ಎಂದು ಅವಳು ಒಂದು ದಿನವೂ ಹೇಳಲಿಲ್ಲ. ತಲೆಯಾಡಿಸಿ, ತಾನು ಮಾಡಿದ ಪಲ್ಯವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುತ್ತಿದ್ದಳು.

ದಸರೆ ಹತ್ತಿರ ಬಂದಾಗ ಮಾಸ್ಟರ್ ಮಾಳಿಗೆಯ ಬಾಗಿಲಲ್ಲಿ ನಿಂತರು. ಮಂಡಕ್ಕಿ ಒಗ್ಗರಣಿ, ಮಿರ್ಚಿಯ ಪೊಟ್ಟಣ ತಂದಿದ್ದರು. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೇಳಿದರು.

"ಭಾಬಿ, ಗುಂಟೂರಿನ ಅಂಗಡಿಯವ್ರು ಆರ್ಡರ್ ಕೊಡೋ ಟೈಮಿದು. ದೀಪಾವಳಿ, ಸಂಕ್ರಾಂತಿ ಮಾಲೆಲ್ಲ ಈಗ್ಲೇ ಹೇಳ್ತಾರ. ಯಾರಾರ ಹೋಗಿ ಬರಬೇಕು."

"ನಾ ಹೋಗಂಗಿಲ್ಲ."

"ನೀವು ಹೋಗಬ್ಯಾಡ್ರಿ. ನಾನೂ ಹೋದ್ರ ಟೇಬಲ್ ಬಿಟ್ಟು ಹೋಗಬೇಕು. ಅವ್ರನ್ನ ಇಲ್ಲಿಗೇ ಕರಸೋಣು. ಫೋನಿನ್ಯಾಗ. ಈಗ ಎಲ್ಲಾರೂ ಮೀಟಿಂಗ್ ಅಂತ ಮಾಡ್ತಾರಲ್ಲ, ಹಂಗ."

"ನನಗ ಅವ್ರ ಕೂಡ ಏನು ಮಾತಾಡಬೇಕು ಗೊತ್ತಿಲ್ಲ."

"ಪ್ಯಾಂಟ್ ತೋರಸಬೇಕು. ಮಾತು ಪ್ಯಾಂಟೇ ಆಡ್ತೈತಿ."

ನಮ್ಮ ಲೆಕ್ಕ ನೋಡುವವರು ಕೇಳಿ ಬಹಳ ಉತ್ಸಾಹ ತೋರಿಸಿದರು. ದೊಡ್ಡ ಪರದೆಯ ಕಂಪ್ಯೂಟರು, ಕಾಲಿನ ಮೇಲೆ ನಿಲ್ಲುವ ಕ್ಯಾಮೆರಾ, ಬಳೆಯಂಥ ದೀಪ, ಮೀಟಿಂಗಿಗೆ ವರ್ಷದ ಚಂದಾ ಎಲ್ಲ ಬೇಕು ಎಂದರು. ಮಾಸ್ಟರ್ ಕೇಳಿಸಿಕೊಂಡು, "ಇದ್ದದ್ರಾಗ ಒಂದ್ಸಲ ಮಾಡಿ ನೋಡೋಣ್ರಿ ಸಾರ್, ಆಮ್ಯಾಲೆ ಕೊಳ್ಳೋದಿದ್ರ ಕೊಳ್ಳೋಣು" ಎಂದರು. ಇದ್ದದ್ದು ನನ್ನ ಫೋನು, ಮನೆಯ ಇಂಟರ್ನೆಟ್ಟು, ಕಿವಿಗೆ ಹಾಕುವ ವೈರು. ಚಂದಾ ಕಟ್ಟದವರಿಗೂ ಆ ಮೀಟಿಂಗು ಸಿಗುತ್ತಿತ್ತು. ಒಂದಷ್ಟು ಹೊತ್ತಾದ ಮೇಲೆ ತಾನೇ ಮುಚ್ಚಿಕೊಳ್ಳುತ್ತಿತ್ತು ಅಷ್ಟೇ. ಲೆಕ್ಕದವರು ಲಿಂಕು ಮಾಡಿ ಗುಂಟೂರಿಗೆ ಕಳಿಸಿದರು.

ಮೊದಲನೆಯ ಮೀಟಿಂಗು ಶೆಡ್ಡಿನಲ್ಲೇ ಆಯಿತು. ಕೆಲಸ ನಡೆಯುವುದು ಕಾಣಲಿ ಎಂದು ನಾವೇ ಹಾಗೆ ಮಾಡಿದ್ದೆವು. ಮಷೀನುಗಳು ಓಡುತ್ತಿದ್ದವು. ಬಳ್ಳಾರಿಯ ಬಿಸಿಲು ತೆರೆದ ಬಾಗಿಲಿಂದ ನನ್ನ ಬೆನ್ನ ಹಿಂದೆ ಸುರಿಯುತ್ತಿತ್ತು. ಪರದೆಯಲ್ಲಿ ಗುಂಟೂರಿನ ಅಂಗಡಿಯ ಯಜಮಾನರು ಕಂಡರು: ದಪ್ಪ ಕನ್ನಡಕ, ಬಿಳಿ ಅಂಗಿ, ಹಿಂದೆ ಬಟ್ಟೆಯ ರಾಶಿ. ಅವರಿಗೆ ನಾನು ಬರೀ ಕಪ್ಪು ನೆರಳಾಗಿ ಕಂಡಿರಬೇಕು. ಯಾರು, ಯಾರು ಎಂದು ತೆಲುಗಿನಲ್ಲಿ ಕೇಳುತ್ತಲೇ ಇದ್ದರು. ನಾನು ಹೇಳಿದ್ದು ಮಷೀನಿನ ಸದ್ದಿನಲ್ಲಿ ಹೋಯಿತು. ಪ್ಯಾಂಟು ಎತ್ತಿ ಹಿಡಿದರೆ ನೀಲಿಯದೂ ಕಪ್ಪು, ಬೂದು ಬಣ್ಣದ್ದೂ ಕಪ್ಪು. ಮಾಸ್ಟರ್ ಓಡಿಹೋಗಿ ಮೇನ್ ಸ್ವಿಚ್ಚು ಆರಿಸಿದರು. ಅದರ ಜೊತೆ ಇಂಟರ್ನೆಟ್ಟಿನ ಡಬ್ಬಿಯೂ ಆರಿತು. ಮತ್ತೆ ಹಚ್ಚಿ, ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಇದ್ದ ಹೊತ್ತು ಬಹುಪಾಲು ಕಳೆದಿತ್ತು.

ಕೊನೆಗೆ ಅವರು ನನ್ನ ಗಂಡ ಎಲ್ಲಿ ಎಂದು ಕೇಳಿದರು. ನಮ್ಮ ಕಡೆ ತೆಲುಗು ಎಲ್ಲರಿಗೂ ಅಷ್ಟೋ ಇಷ್ಟೋ ಬರುತ್ತದೆ.

"ಆಯನ ಲೇರಂಡಿ" ಎಂದೆ. ಅವರು ಇಲ್ಲ ಎಂದು.

ಕನ್ನಡದ ಇಲ್ಲ ಹೇಗೋ ತೆಲುಗಿನ ಲೇರು ಕೂಡ ಹಾಗೆ. ಮನೆಯಲ್ಲಿಲ್ಲ ಎಂದೂ ಆಗುತ್ತದೆ, ಲೋಕದಲ್ಲಿಲ್ಲ ಎಂದೂ ಆಗುತ್ತದೆ. ಯಜಮಾನರು ಮೊದಲನೆಯದನ್ನು ತೆಗೆದುಕೊಂಡರು.

"ಸರೇನಮ್ಮಾ, ವಚ್ಚಾಕ ಮಾಟ್ಲಾಡುಕುಂದಾಂ." ಸರಿಯಮ್ಮ, ಬಂದ ಮೇಲೆ ಮಾತಾಡೋಣ.

ನಾನು ಬಾಯಿ ತೆರೆಯುವ ಮೊದಲೇ ಮೀಟಿಂಗು ತನ್ನ ಹೊತ್ತು ಮುಗಿಸಿ ಮುಚ್ಚಿಕೊಂಡಿತು. ಮಾಸ್ಟರ್ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿದ್ದ ಪ್ಯಾಂಟನ್ನು ಮಡಿಚುತ್ತ ಹೇಳಿದರು.

"ಅವ್ರಿಗೆ ತಿಳೀಲಿಲ್ಲ, ಭಾಬಿ. ಊರಿಗೆ ಹೋಗ್ಯಾರ ಅಂತ ಅನ್ಕೊಂಡ್ರು."

"ನಾ ಹೇಳಿದ್ನಲ್ಲ" ಎಂದೆ. ನನ್ನ ಮಟ್ಟಿಗೆ ಹೇಳಿ ಆಗಿತ್ತು.

ಅಂದು ಮಧ್ಯಾಹ್ನ ಇದನ್ನೆಲ್ಲ ತಂಗಿಗೆ ಹೇಳಿದೆ. ಬಾಗಿಲ ಬೆಳಕಿಗೆ ಬೆನ್ನು ಹಾಕಿ ಕೂತದ್ದನ್ನು ಹೇಳುವಾಗ ಅವಳು ಹಣೆ ಬಡಿದುಕೊಂಡಳು. ನಿನಗೆ ಇಷ್ಟು ದಿನ ಹೇಳಿಕೊಟ್ಟದ್ದು ಎಲ್ಲಿ ಹೋಯಿತು ಎಂದು ಕೇಳಿದಳು. ಅದು ನಿನಗೆ, ಇದು ವ್ಯಾಪಾರಕ್ಕೆ ಎಂದೆ. ಅವಳು ನನ್ನನ್ನೇ ನೋಡಿದಳು. ಕಣ್ಣಿಗೆ ಎರಡೂ ಒಂದೇ ಎಂದಳು.

ಹಾಗಾಗಿ ಎರಡನೆಯ ಮೀಟಿಂಗನ್ನು ಮಾಳಿಗೆಗೆ ತಂದೆವು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಷೀನುಗಳು ತಾವಾಗೇ ನಿಂತಿರುತ್ತವೆ. ಆ ಹೊತ್ತನ್ನೇ ಗೊತ್ತು ಮಾಡಿದೆವು. ತೋರಿಸಬೇಕಾದ ಪ್ಯಾಂಟುಗಳ ಜೊತೆ ಅದೇ ಬಟ್ಟೆಯ ತುಂಡುಗಳನ್ನು ಮೊದಲೇ ಲಾರಿ ಪಾರ್ಸೆಲ್ಲಿನಲ್ಲಿ ಗುಂಟೂರಿಗೆ ಕಳಿಸಿದೆವು, ಬಣ್ಣವನ್ನು ಅವರು ಪರದೆಯಲ್ಲಿ ಹುಡುಕದೆ ಕೈಯಲ್ಲೇ ನೋಡಲಿ ಎಂದು. ಯಾವ ಯಾವ ವಿಷಯ ಮಾತಾಡಬೇಕು ಎಂಬುದನ್ನು ಮಾಸ್ಟರ್ ತಮ್ಮ ದನಿಯಲ್ಲೇ ಹೇಳಿ ಮುಂಚಿನ ದಿನ ಗುಂಟೂರಿನ ಯಜಮಾನರ ಫೋನಿಗೆ ಕಳಿಸಿದರು. ಗುಂಡಿಯ ಬಗ್ಗೆ ಅವರು ಯಾವಾಗಲೂ ತಕರಾರು ಮಾಡುವವರು. ಅದಕ್ಕೆ ಕುರುಗೋಡಿನ ಅಕ್ಕನನ್ನೂ ಅದೇ ಲಿಂಕಿನಲ್ಲಿ ಸೇರಿಸಬೇಕೆಂದು ಮಾಡಿದೆವು.

ಅಕ್ಕನ ಜೊತೆ ಅದಕ್ಕೂ ಮೊದಲೇ ವಿಡಿಯೋ ಕಾಲಿನ ರೂಢಿ ಆಗಿತ್ತು. ನನ್ನ ಗಂಡ ಇದ್ದಾಗ ವಾರಕ್ಕೊಮ್ಮೆ ಗಾಡಿಯ ಮೇಲೆ ಕುರುಗೋಡಿಗೆ ಹೋಗಿ ಕೆಲಸ ನೋಡಿ ಬರುತ್ತಿದ್ದರು. ಈಗ ಮಾಲು ಲಗೇಜ್ ಆಟೋದಲ್ಲಿ ಹೋಗುತ್ತಿತ್ತು, ನೋಡುವುದು ಫೋನಿನಲ್ಲಿ. ಮೊದಮೊದಲು ಪಡಸಾಲೆಯ ಹೆಂಗಸರೆಲ್ಲ ಒಂದೇ ಫೋನಿನ ಮುಂದೆ ತಲೆ ತೂರಿಸಿ ಒಟ್ಟಿಗೇ ಮಾತಾಡುತ್ತಿದ್ದರು. ಒಂದೂ ತಿಳಿಯುತ್ತಿರಲಿಲ್ಲ. ಅಕ್ಕ ಒಂದು ದಿನ ರೇಗಿದರು.

"ಒಬ್ಬಾಕಿ ಮಾತಾಡೂವಾಗ ಇನ್ನೊಬ್ಬಾಕಿ ಬಾಯಿ ಮುಚ್ಚಬೇಕು. ಇದೇನು ನಳದ ಹತ್ರ ನೀರು ಹಿಡಿಯೋದೇನು?"

ಆಮೇಲೆ ಒಬ್ಬೊಬ್ಬರಾಗಿ ಮಾತಾಡಿದರು. ಒಮ್ಮೆ ತಾಮ್ರದ ಗುಂಡಿ ಹಾಕಬೇಕಾದ ಕಟ್ಟಿಗೆ ಬಿಳಿಯ ಗುಂಡಿ ಒತ್ತುತ್ತಿದ್ದರು. ಒಬ್ಬ ಹೆಂಗಸು ಪ್ಯಾಂಟನ್ನು ಕ್ಯಾಮೆರಾಕ್ಕೆ ಹಿಡಿದಾಗ ಮಾಸ್ಟರ್ ನೋಡಿ ಕೂಗಿದರು. ಆಗಿನ್ನೂ ಒಂದು ಕಟ್ಟು ಕೂಡ ಪೂರ್ತಿ ಆಗಿರಲಿಲ್ಲ. ಮೊದಲಾಗಿದ್ದರೆ ವಾರದ ಮೇಲೆ ತಿಳಿಯುತ್ತಿತ್ತು. ಅಂಥ ಸಣ್ಣ ಸಣ್ಣ ಸಂಗತಿಗಳಿಂದ ನಾನು ವ್ಯಾಪಾರ ಕಲಿತೆ. ಕಲಿಯುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಿರಲಿಲ್ಲ. ಯಾರೋ ಕಲಿಯುವುದನ್ನು ದೂರದಿಂದ ನೋಡಿದ ಹಾಗಿತ್ತು.

ಕೆಲಸದ ಮಾತು ಮುಗಿದು ಹೆಂಗಸರು ಎದ್ದು ಹೋದ ಮೇಲೆ ಅಕ್ಕ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಅಳುತ್ತಿದ್ದರು. ಒಬ್ಬನೇ ತಮ್ಮ ಅವರಿಗೆ. ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಮುಖ ನೋಡುತ್ತಿದ್ದರು.

"ನೀ ಅಳಂಗಿಲ್ಲಲ್ಲ ತಂಗಿ. ನಿನ್ನ ನೋಡಿದ್ರ ನನಗ ಅಂಜಿಕಿ ಬರತೈತಿ."

"ನನಗೂ ಬರತೈತಕ್ಕ" ಎನ್ನುತ್ತಿದ್ದೆ. ಅದು ಸುಳ್ಳು. ನನಗೆ ಅಂಜಿಕೆಯೂ ಬರುತ್ತಿರಲಿಲ್ಲ.

ಎರಡನೆಯ ಮೀಟಿಂಗಿನ ದಿನ ಕಿಟಕಿಯ ಎದುರು ಕೂತೆ. ಅದೇ ಬೂದು ಸೀರೆ. ಪಕ್ಕದಲ್ಲಿ ಮಾಸ್ಟರ್, ಅವರ ಕೈಯಲ್ಲಿ ಪ್ಯಾಂಟುಗಳು. ಪರದೆಯ ಒಂದು ಚೌಕದಲ್ಲಿ ಗುಂಟೂರಿನ ಯಜಮಾನರು, ಇನ್ನೊಂದರಲ್ಲಿ ಕುರುಗೋಡಿನ ಅಕ್ಕ, ಮೂರನೆಯದರಲ್ಲಿ ನಾವು. ಎಲ್ಲರೂ ಸ್ಪಷ್ಟವಾಗಿ ಕಾಣುತ್ತಿದ್ದೆವು. ಯಜಮಾನರ ಕೈಯಲ್ಲಿ ನಾವು ಕಳಿಸಿದ ಬಟ್ಟೆಯ ತುಂಡಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದರು, ಎಳೆದು ನೋಡಿದರು, ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು.

"ಆಯನ ವಚ್ಚಾರಾ ಅಮ್ಮಾ?" ಅವರು ಬಂದರಾ ಎಂದು.

ನಾನು ಆ ದಿನದವರೆಗೆ ಹೋದರು ಎಂದಿದ್ದೆ, ಇಲ್ಲ ಎಂದಿದ್ದೆ, ಹಾಗಾಯಿತು ಎಂದಿದ್ದೆ. ಸತ್ತರು ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಕನ್ನಡದಲ್ಲಿ ಬಾರದ್ದು ತೆಲುಗಿನಲ್ಲಿ ಬಂತು.

"ಆಯನ ಚನಿಪೋಯಾರಂಡಿ. ಶ್ರಾವಣಂಲೋ."

ಅವರು ತೀರಿಕೊಂಡರು, ಶ್ರಾವಣದಲ್ಲಿ. ಹವಾಮಾನ ಹೇಳಿದ ಹಾಗೆ ಹೇಳಿದೆ. ಯಜಮಾನರ ಚಿತ್ರ ನಿಂತುಬಿಟ್ಟಿತು. ಬಟ್ಟೆಯ ತುಂಡು ಹಿಡಿದ ಕೈ ಅರ್ಧಕ್ಕೆ, ಬಾಯಿ ಸ್ವಲ್ಪ ತೆರೆದು ಹಾಗೇ. ನೆಟ್ ಹೋಯಿತೆಂದುಕೊಂಡೆ. ಚಿತ್ರ ನಿಂತಾಗ ನಮ್ಮ ಕಡೆಯ ವಿಡಿಯೋ ಆರಿಸಿದರೆ ದನಿಯಾದರೂ ಹೋಗುತ್ತದೆ ಎಂದು ಲೆಕ್ಕದವರು ಹೇಳಿಕೊಟ್ಟಿದ್ದರು. ತಂಗಿಯ ಜೊತೆ ಅದು ನಡೆಯುವುದಿಲ್ಲ. ಅಲ್ಲಿ ದನಿ ಹೋದರೂ ಚಿತ್ರ ಉಳಿಯಬೇಕು. ಇಲ್ಲಿ ಚಿತ್ರ ಹೋದರೂ ದನಿ ಉಳಿಯಬೇಕು. ವಿಡಿಯೋ ಆರಿಸಿದೆ.

"ಸಾರ್, ವಿನಿಪಿಸ್ತೋಂದಾ?" ಕೇಳಿಸುತ್ತಿದೆಯಾ ಎಂದು ಕೇಳಿದೆ. ಇನ್ನೊಮ್ಮೆ ಕೇಳಿದೆ.

ಕುರುಗೋಡಿನಿಂದ ಅಕ್ಕನ ದನಿ ಬಂತು, ಮೆಲ್ಲಗೆ.

"ತಂಗಿ, ನೆಟ್ ಐತಿ. ಅವ್ರ ಹಿಂದ ಫ್ಯಾನು ತಿರುಗಾಕತ್ತೈತಿ ನೋಡು."

ನೋಡಿದೆ. ಬಟ್ಟೆಯ ರಾಶಿಯ ಪಕ್ಕ ಟೇಬಲ್ ಫ್ಯಾನೊಂದು ಆ ಕಡೆ ಈ ಕಡೆ ತಲೆ ತಿರುಗಿಸುತ್ತಿತ್ತು. ಅದರ ಗಾಳಿಗೆ ಒಂದು ಅಂಗಿಯ ತೋಳು ಏಳುತ್ತಿತ್ತು, ಬೀಳುತ್ತಿತ್ತು. ನಿಂತದ್ದು ಚಿತ್ರವಲ್ಲ, ಯಜಮಾನರು.

ವಿಡಿಯೋ ಮತ್ತೆ ಹಚ್ಚಿದೆ. ಅವರು ಕನ್ನಡಕ ತೆಗೆದು ಬಟ್ಟೆಯ ತುಂಡಿನಿಂದಲೇ ಒರೆಸಿಕೊಂಡರು. ಯುಗಾದಿಗೆ ಮುಂಚೆ ಬಂದಿದ್ದರು, ನಮ್ಮ ಮನೆಯಲ್ಲೇ ಉಂಡರು, ನಾನೇ ಬಸ್ ಹತ್ತಿಸಿದೆ ಎಂದು ತೆಲುಗಿನಲ್ಲಿ ಹೇಳಿದರು. ಆಮೇಲೆ ಏನೋ ನೆನಪಾಗಿ ಸ್ವಲ್ಪ ನಕ್ಕರು. "ಅವರು ಬಂದರೆ ಮೊದಲು ಕೈ ಮುಗಿಯುತ್ತಿರಲಿಲ್ಲಮ್ಮ, ಇದನ್ನು ಮಾಡುತ್ತಿದ್ದರು" ಎಂದು ಹಿಂದಕ್ಕೆ ಸರಿದು, ತಮ್ಮ ಮೊಣಕಾಲ ಮೇಲಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿ ತೋರಿಸಿದರು.

ಅದು ನಿಜ. ನನ್ನ ಗಂಡ ಯಾರ ಎದುರು ಕೂತರೂ ಅವರ ಪ್ಯಾಂಟಿನ ಬಟ್ಟೆ ಎಷ್ಟು ಗಟ್ಟಿ ಎಂದು ಹಾಗೆ ತಿಕ್ಕಿ ನೋಡುತ್ತಿದ್ದರು. ಬೀಗರು, ಪೋಲೀಸರು ಎಂದಿಲ್ಲ. ಆದರೆ ನನಗೆ ಆದದ್ದು ಬೇರೆ. ನನ್ನ ತಂಗಿಯ ಕೈಮಾತಿನಲ್ಲಿ ಅದು ಅವರ ಹೆಸರು. ಮದುವೆಯ ವರ್ಷವೇ ಅವಳು ಇಟ್ಟದ್ದು. ಅವಳನ್ನೂ ನನ್ನನ್ನೂ ಬಿಟ್ಟರೆ ಆ ಹೆಸರಿನಿಂದ ಅವರನ್ನು ಕರೆಯುವವರು ಲೋಕದಲ್ಲಿ ಇರಲಿಲ್ಲ. ಗುಂಟೂರಿನ ಅಂಗಡಿಯಲ್ಲಿ ಕೂತ ಒಬ್ಬ ವಯಸ್ಸಾದ ಮನುಷ್ಯ, ತನಗೆ ಗೊತ್ತಿಲ್ಲದೆಯೇ, ಪರದೆಯೊಳಗಿಂದ ನನ್ನ ಗಂಡನ ಹೆಸರು ಹಿಡಿದು ಕರೆದರು.

ನನ್ನ ಕೈ ತಾನೇ ಎದ್ದು ಅದೇ ಸನ್ನೆ ಮಾಡಿತು. ಯಜಮಾನರು ಹೌದು ಹೌದು, ಹಾಗೇ ಎಂದರು. ಅಕ್ಕ ಕುರುಗೋಡಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡರು. ಮಾಸ್ಟರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಕಣ್ಣು ಒಣಗಿಯೇ ಇತ್ತು. ಆದರೆ ಬೆರಳುಗಳ ನಡುವೆ ಸೀರೆಯ ಬಟ್ಟೆ ಒರಟಾಗಿದೆ ಎಂದು ತಿಳಿಯಿತು. ಅದು ತಿಳಿದದ್ದು ನನಗೆ ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ಮೀಟಿಂಗು ಮುಚ್ಚಿಕೊಂಡಿತು. ಅದೇ ಲಿಂಕು ಒತ್ತಿದರೆ ಮತ್ತೆ ಸೇರಬಹುದಿತ್ತು. ಸ್ವಲ್ಪ ಹೊತ್ತು ಮೂವರೂ ಒತ್ತಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಸೇರಿಕೊಂಡೆವು. ಗುಂಡಿಯ ಮಾತಾಯಿತು, ಸೈಜಿನ ಮಾತಾಯಿತು. ಯಜಮಾನರು ಪ್ರತಿವರ್ಷದಷ್ಟು ಆರ್ಡರ್ ಕೊಡಲಿಲ್ಲ. ಮುಚ್ಚುಮರೆಯಿಲ್ಲದೆ ಹೇಳಿದರು: "ಈ ಒಂದು ಲಾಟ್ ನೋಡುತ್ತೇನಮ್ಮ. ಅವರಿದ್ದಾಗಿನಂತೆಯೇ ಬಂದರೆ ಮುಂದಿನದು." ನನಗೆ ಬೇಸರವಾಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆ ಲಾಟ್ ಹೋಯಿತು, ಚೆನ್ನಾಗಿದೆ ಎಂದರು, ಮುಂದಿನದು ಬಂತು. ಬೇರೆ ಕೆಲವು ಅಂಗಡಿಗಳು ಬಿಟ್ಟುಹೋದವು. ಪರದೆಯಲ್ಲಿ ನೋಡಿ ಮಾಲು ಕೊಳ್ಳುವುದು ಅವರಿಗೆ ಸರಿಬರಲಿಲ್ಲ. ಶೆಡ್ಡಿನಲ್ಲಿ ಈಗ ಒಂದೇ ಸಾಲು ಮಷೀನು ಓಡುತ್ತದೆ. ಮೀಟಿಂಗುಗಳು ನಡೆಯುತ್ತವೆ. ವರ್ಷದ ಚಂದಾ ಕಟ್ಟಿಲ್ಲ, ಬಳೆಯಂಥ ದೀಪ ಕೊಂಡಿಲ್ಲ. ಇದ್ದ ಹೊತ್ತಿನಲ್ಲಿ ಮುಗಿಯದ ಮಾತು ಸಾಮಾನ್ಯವಾಗಿ ಬೇಡದ ಮಾತೇ ಆಗಿರುತ್ತದೆ ಎಂದು ಮಾಸ್ಟರ್ ಹೇಳುತ್ತಾರೆ. ಕಿವಿಯ ವೈರು ಒಂದು ಕೆಟ್ಟಿತ್ತು, ಹೊಸದು ತಂದೆವು. ಯಜಮಾನರು ಒಮ್ಮೊಮ್ಮೆ ಕೆಲಸ ಮುಗಿದ ಮೇಲೆ ತಮ್ಮ ಹೆಂಡತಿಯನ್ನು ಕರೆದು ತೋರಿಸುತ್ತಾರೆ. ಆಕೆ ಉಂಡಿರಾ ಎಂದು ಕೇಳುತ್ತಾರೆ. ಉಂಡೆ ಎನ್ನುತ್ತೇನೆ.

ಆ ಎರಡನೆಯ ಮೀಟಿಂಗಿನ ಮಧ್ಯಾಹ್ನ ತಂಗಿಗೆ ನಡೆದದ್ದನ್ನು ಹೇಳಿದ್ದೆ. ಆ ಮನುಷ್ಯ ಹೀಗೆ ಮಾಡಿದರು ಎಂದು ಸೀರೆ ತಿಕ್ಕಿ ತೋರಿಸಿದಾಗ ಅವಳಿಗೆ ನಂಬಿಕೆಯಾಗಲಿಲ್ಲ. ನೀನು ಹೇಳಿಕೊಟ್ಟೆಯಾ ಎಂದಳು. ಇಲ್ಲ ಎಂದೆ. ಅವರಿಗೂ ಕಿವಿ ಕೇಳಿಸುವುದಿಲ್ಲವಾ ಎಂದಳು. ಕೇಳಿಸುತ್ತದೆ ಎಂದೆ. ಆಮೇಲೆ ಎಂದಿನಂತೆ ಬೆರಳನ್ನು ಕೆನ್ನೆಯ ಮೇಲಿಂದ ಇಳಿಸಿದಳು. ಇಲ್ಲ ಎಂದೆ. ತಲೆಯಾಡಿಸಿದಳು. ಆದರೆ ಆ ದಿನ ಕಾಲ್ ಕತ್ತರಿಸಲಿಲ್ಲ. ಫೋನನ್ನು ತನ್ನ ಎದುರಿನ ಕಂಬಕ್ಕೆ ಒರಗಿಸಿ, ಇರು ಎಂದು ಕೈ ತೋರಿಸಿ, ಮೊರ ತೆಗೆದುಕೊಂಡು ಅಕ್ಕಿ ಹಸನು ಮಾಡಲು ಕೂತಳು.

ಅಂದಿನಿಂದ ಅದೊಂದು ಪದ್ಧತಿ ಆಗಿದೆ. ಮಾತು ಮುಗಿದ ಮೇಲೂ ನಾವು ಫೋನು ಇಡುವುದಿಲ್ಲ. ಅವಳ ದಿನದ ಪ್ಯಾಕಿನಲ್ಲಿ ನೆಟ್ ಹೇಗೂ ಉಳಿದಿರುತ್ತದೆ, ನಾಳೆಗೆ ಬರುವಂಥದ್ದಲ್ಲ. ಅವಳು ಅಲ್ಲಿ ತನ್ನ ಕೆಲಸ ಮಾಡುತ್ತಾಳೆ, ನಾನು ಇಲ್ಲಿ ನನ್ನದು. ನಡುನಡುವೆ ತಲೆ ಎತ್ತಿ ಇದ್ದೀಯಾ ಎಂದು ನೋಡುತ್ತಾಳೆ. ಇದ್ದೇನೆ.

ಅವಳ ಮಟ್ಟಿಗೆ ಆ ಹೊತ್ತು ಬರೀ ಚಿತ್ರ. ನನ್ನ ಮಟ್ಟಿಗೆ ಹಾಗಲ್ಲ. ಮೊರದಲ್ಲಿ ಅಕ್ಕಿ ಹಾರಿ ಬೀಳುವ ಸದ್ದು ಬರುತ್ತದೆ. ಅವಳ ಬಳೆ, ಕುಕ್ಕರಿನ ಸೀಟಿ, ದೂರದಲ್ಲಿ ಅಕ್ಕಿ ಗಿರಣಿ, ಓಣಿಯಲ್ಲಿ ಬಣ್ಣದ ಕೊಡ ಮಾರುವವನ ಕೂಗು. ಕೆಲಸದಲ್ಲಿ ಮೈಮರೆತಾಗ ಅವಳ ಗಂಟಲಿನಿಂದ ಒಂದು ದನಿ ಬರುತ್ತದೆ, ರಾಗವಲ್ಲದ ರಾಗ. ಚಿಕ್ಕವರಿದ್ದಾಗ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ಆ ದನಿ ನನಗೆ ಗೊತ್ತು. ಅದು ಬರುತ್ತದೆಂದು ಅವಳಿಗೆ ಗೊತ್ತಿಲ್ಲ.

ಮೊನ್ನೆ ಅವಳಿಗೆ ಹೇಳಿದೆ. ನಿನ್ನ ಮನೆಯ ಸದ್ದೆಲ್ಲ ನನಗೆ ಕೇಳಿಸುತ್ತದೆ ಎಂದು ಕಿವಿ ಮುಟ್ಟಿ, ಅವಳ ಕಡೆ ತೋರಿಸಿದೆ. ಅವಳು ಮೊರ ಕೆಳಗಿಟ್ಟಳು. ಸುತ್ತ ನೋಡಿದಳು, ಗೋಡೆಯನ್ನು, ಒಲೆಯನ್ನು, ಬಾಗಿಲನ್ನು. ಹೇಗಿದೆ ಎಂದು ಕೇಳಿದಳು.

ಅದನ್ನು ಹೇಳುವ ಸನ್ನೆ ನಮ್ಮಲ್ಲಿ ಇಲ್ಲ. ನಾನು ಹುಡುಕುತ್ತಿರುವಾಗ ಅವಳು ಕಾಯುತ್ತಿದ್ದಳು. ಕೊನೆಗೆ, ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಂಡ ಮೇಲೆ ನಾವು ಚಿಕ್ಕವರಿದ್ದಾಗ ಅವ್ವನಿಗೆ ಮಾಡಿ ತೋರಿಸುತ್ತಿದ್ದ ಸನ್ನೆ ಮಾಡಿದೆ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಒಂದು ಸುತ್ತು. ಅವಳಿಗೆ ಸಂತೋಷವಾಯಿತು. ಮೊರವನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು, ಬೇಕಿಲ್ಲದಷ್ಟು ಜೋರಾಗಿ ಅಕ್ಕಿ ಕೇರತೊಡಗಿದಳು.